ಬಾಣಂತಿಯ ರಕ್ತಕ್ಕೆ ಕಣ್ಣಂದಾಜು ಸಾಕೇ?

"ಹೆರಿಗೆ ಅಂದ್ರೆ ಹೆಣ್ಣಿಗೆ ಮರುಹುಟ್ಟು" ಅನ್ನೋ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಕೇಳೋಕೆ ಚೆನ್ನಾಗಿದೆ. ತಾಯ್ತನಕ್ಕೆ ಕೊಟ್ಟ ದೊಡ್ಡ ಗೌರವ ಅನ್ನಿಸುತ್ತೆ. ಆದರೆ ಆ ಮಾತನ್ನೊಮ್ಮೆ ತಿರುಗಿಸಿ ನೋಡಿ. ಮರುಹುಟ್ಟು ಅಂದರೆ ನಡುವೆ ಒಂದು ಸಾವು ಇದೆ ಅಂತ ತಾನೇ? ಹೆರುವಾಗ ಹೆಣ್ಣು ಸಾಯಬಹುದು, ಅದು ಇದ್ದದ್ದೇ, ಉಳಿದುಕೊಂಡರೆ ದೇವರ ದಯೆ ಅಂತ ನಾವೆಲ್ಲ ಮೊದಲೇ ಒಪ್ಪಿಕೊಂಡುಬಿಟ್ಟಿದ್ದೇವೆ. ನನ್ನ ತಕರಾರು ಇರುವುದು ಈ ಒಪ್ಪಿಗೆಯ ಬಗ್ಗೆಯೇ.

ಒಂದಿಷ್ಟು ಲೆಕ್ಕ ಹೇಳಿಬಿಡುತ್ತೇನೆ, ಆಮೇಲೆ ವಿಷಯಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಜೊತೆಗಾರ ಸಂಸ್ಥೆಗಳು 2025ರ ಏಪ್ರಿಲ್‌ನಲ್ಲಿ ಹೊರತಂದ ವರದಿಯ ಪ್ರಕಾರ, 2023ರ ಒಂದೇ ವರ್ಷದಲ್ಲಿ ಬಸಿರು, ಹೆರಿಗೆ, ಬಾಣಂತನದ ಕಾರಣಕ್ಕೆ ಸತ್ತ ಹೆಂಗಸರು ಸುಮಾರು 2,60,000. ದಿನಕ್ಕೆ 700ಕ್ಕೂ ಹೆಚ್ಚು. ಎರಡು ನಿಮಿಷಕ್ಕೆ ಒಬ್ಬಳು ಅಂದುಕೊಳ್ಳಿ. ಇವರಲ್ಲಿ ನೂರಕ್ಕೆ 70ರಷ್ಟು ಮಂದಿ ಸಹಾರಾ ಮರುಭೂಮಿಯಿಂದ ಕೆಳಗಿನ ಆಫ್ರಿಕಾದವರು. ನೈಜೀರಿಯಾ ಒಂದರಲ್ಲೇ ಸುಮಾರು 75,000. ನಮ್ಮ ದೇಶದ ಪಾಲು ಸುಮಾರು 19,000.

ಏನೂ ಬದಲಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ತುಂಬಾ ಬದಲಾಗಿದೆ. ಜಗತ್ತಿನಲ್ಲಿ 2000ದಿಂದ 2023ರ ನಡುವೆ ಈ ಸಾವಿನ ಪ್ರಮಾಣ ನೂರಕ್ಕೆ 40ರಷ್ಟು ಇಳಿದಿದೆ. ನಮ್ಮ ದೇಶದಲ್ಲಿ 2001-03ರಲ್ಲಿ ಒಂದು ಲಕ್ಷ ಹೆರಿಗೆಗೆ 301 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 97ಕ್ಕೆ ಬಂತು. ಕರ್ನಾಟಕದಲ್ಲಿ ಅದೇ ಅವಧಿಯಲ್ಲಿ 228 ಇದ್ದದ್ದು 69 ಆಯಿತು. ಇದು ಸಣ್ಣ ಸಾಧನೆಯಲ್ಲ. ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರು, ತಾಯಿ ಕಾರ್ಡು, 2008ರಲ್ಲಿ ನಮ್ಮಲ್ಲಿಗೆ ಬಂದ 108 ಆಂಬುಲೆನ್ಸು, ಎಲ್ಲದರ ಬೆವರೂ ಇದರಲ್ಲಿದೆ.

ಈ ಇಪ್ಪತ್ತು ವರ್ಷ ನಾವು ಹೆಣ್ಣುಮಕ್ಕಳಿಗೆ ಹೇಳಿದ್ದು ಒಂದೇ ಮಾತು: "ಮನೆಯಲ್ಲಿ ಹೆರಬೇಡ, ಆಸ್ಪತ್ರೆಗೆ ಬಾ." ಅವರು ಬಂದರು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆರಿಗೆಗಳಲ್ಲಿ ನೂರಕ್ಕೆ 40ನ್ನೂ ಮುಟ್ಟದಷ್ಟು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು 88ನ್ನು ದಾಟಿತು. ಕರ್ನಾಟಕದಲ್ಲಂತೂ 97. ಅಂದರೆ ಅವರ ಪಾಲಿನ ಕೆಲಸ ಅವರು ಮಾಡಿ ಮುಗಿಸಿದ್ದಾರೆ. ಆಸ್ಪತ್ರೆಗೆ ಬಂದ ಮೇಲೂ ಸಾಯುವುದಿದೆಯಲ್ಲ, ಅದಕ್ಕೆ ಇನ್ನು ಅವರನ್ನು ಬೈಯೋಕಾಗಲ್ಲ. ಅವರ ಅಜ್ಞಾನ, ಅವರ ಮೂಢನಂಬಿಕೆ, ಅವರ ಬಡತನ ಅಂತ ಹೇಳಿ ಕೈತೊಳೆದುಕೊಳ್ಳೋಕಾಗಲ್ಲ.

ಹಾಗಾದರೆ ಒಳಗೆ ಏನಾಗುತ್ತಿದೆ? ನಾನು ಡಾಕ್ಟರಲ್ಲ. ಆದರೆ ಓದುತ್ತಾ ಹೋದ ಹಾಗೆ ನನ್ನ ನಿದ್ದೆ ಕೆಡಿಸಿದ ವಿಷಯ ಒಂದೇ. ರಕ್ತ.

ತಾಯಂದಿರನ್ನು ಕೊಲ್ಲುವ ಕಾರಣಗಳು ಹಲವು. ಬಸುರಿಯಲ್ಲಿ ಏರುವ ಬಿ.ಪಿ., ನಂಜು, ಅಡ್ಡದಾರಿಯ ಗರ್ಭಪಾತ, ಹೃದಯದ ಕಾಯಿಲೆ, ಹೀಗೆ. ಆದರೆ ಎಲ್ಲಕ್ಕಿಂತ ಬೇಗ, ಎಲ್ಲಕ್ಕಿಂತ ಸದ್ದಿಲ್ಲದೆ ಕೊಲ್ಲುವುದು ಹೆರಿಗೆಯಾದ ಮೇಲಿನ ರಕ್ತಸ್ರಾವ. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿದು ಬರುತ್ತಿರುತ್ತೆ. ಮಗು ಹುಟ್ಟಿ ಮಾಸು ಬಿದ್ದ ಕೂಡಲೇ ಗರ್ಭಕೋಶ ಮುಷ್ಟಿ ಬಿಗಿದ ಹಾಗೆ ಬಿಗಿದುಕೊಂಡು ಆ ರಕ್ತನಾಳಗಳ ಬಾಯನ್ನೆಲ್ಲ ಹಿಸುಕಿ ಮುಚ್ಚಬೇಕು. ಮುಚ್ಚಲಿಲ್ಲವೋ, ನಲ್ಲಿ ತಿರುಗಿಸಿಬಿಟ್ಟ ಹಾಗೆ. ಬೆಳಿಗ್ಗೆ ನಡೆದುಕೊಂಡು ಆಸ್ಪತ್ರೆಗೆ ಬಂದ ಗಟ್ಟಿಮುಟ್ಟಾದ ಹೆಂಗಸು ಎರಡು ಗಂಟೆಯೊಳಗೆ ಸಾಯಬಹುದು.

ಅದರಲ್ಲೂ ನಮ್ಮ ಹೆಣ್ಣುಮಕ್ಕಳ ಮೈಯಲ್ಲಿ ಇರುವ ರಕ್ತವಾದರೂ ಎಂಥದ್ದು? 2019-21ರ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ. ಬ್ಯಾಂಕಿನಲ್ಲಿ ಲಕ್ಷ ಇದ್ದವನ ಜೇಬಿನಿಂದ ಐನೂರು ಬಿದ್ದುಹೋದರೆ ಅವನಿಗೆ ಗೊತ್ತೂ ಆಗಲ್ಲ. ದಿನಗೂಲಿಯವನ ಜೇಬಿನಿಂದ ಬಿದ್ದರೆ ಆ ರಾತ್ರಿ ಒಲೆ ಉರಿಯಲ್ಲ. ರಕ್ತದ್ದೂ ಅದೇ ಕತೆ.

ಇಷ್ಟಕ್ಕೂ ಇದಕ್ಕೆ ಮದ್ದಿಲ್ಲವೇ? ಇದೆ. ಅದೇ ಸಿಟ್ಟು ಬರಿಸುವ ಸಂಗತಿ. ಗರ್ಭಕೋಶ ಬಿಗಿಯಾಗಲು ಆಕ್ಸಿಟೋಸಿನ್ ಇಂಜೆಕ್ಷನ್ ಇದೆ, ಹಳೆಯದು, ಅಗ್ಗದ್ದು. ರಕ್ತ ಹೆಪ್ಪುಗಟ್ಟಿದ್ದು ಮತ್ತೆ ಕರಗದ ಹಾಗೆ ತಡೆಯುವ ಟ್ರನೆಕ್ಸಾಮಿಕ್ ಆಸಿಡ್ ಇದೆ. ಅದನ್ನು ಜಪಾನಿನ ಉತಾಕೋ ಒಕಾಮೊಟೋ ಮತ್ತು ಅವರ ಗಂಡ ಶೋಸುಕೆ ಕಂಡುಹಿಡಿದದ್ದು 1962ರಲ್ಲಿ. ಬಾಣಂತಿಯರ ಸಾವು ತಪ್ಪಿಸಬೇಕು ಅನ್ನುವುದೇ ಆ ಹೆಣ್ಣುಮಗಳ ಆಸೆಯಾಗಿತ್ತು. ಇಪ್ಪತ್ತು ಸಾವಿರ ಬಾಣಂತಿಯರ ಮೇಲೆ ನಡೆದ ದೊಡ್ಡ ಪರೀಕ್ಷೆ 'ಹೌದು, ಮೂರು ಗಂಟೆಯೊಳಗೆ ಕೊಟ್ಟರೆ ಜೀವ ಉಳಿಯುತ್ತೆ' ಅಂತ ಸಾಬೀತು ಮಾಡಿದ್ದು 2017ರಲ್ಲಿ. ಆಕೆ ಅದಕ್ಕೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದರು.

ಮದ್ದು ಇದೆ, ಗೊತ್ತಿದೆ, ಬೀರುವಿನಲ್ಲೂ ಇದೆ. ಆದರೂ ಸಾಯುತ್ತಾರೆ. ಯಾಕೆ? 'ಈಕೆಗೆ ಈಗ ಮದ್ದು ಕೊಡಬೇಕು' ಅಂತ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತೆ. ಯಾಕೆಂದರೆ ಎಷ್ಟು ರಕ್ತ ಹೋಯಿತು ಅಂತ ಯಾರೂ ಅಳೆಯಲ್ಲ. ಕಣ್ಣಲ್ಲಿ ನೋಡಿ ಅಂದಾಜು ಹೇಳುತ್ತಾರೆ.

ನನ್ನ ಚಿಕ್ಕಮ್ಮನ ಎರಡನೇ ಹೆರಿಗೆಯ ವಿಷಯ ನಮ್ಮ ಮನೆಯಲ್ಲಿ ಈಗಲೂ ಆಗಾಗ ಬರುತ್ತೆ. ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಹೆರಿಗೆಯಾಯಿತು. ಗಂಡು ಮಗು, ಸಕ್ಕರೆ ಹಂಚಿದ್ದೂ ಆಯಿತು. ಆಮೇಲೆ ಚಿಕ್ಕಮ್ಮ ಬೆವರತೊಡಗಿದರು, ಮಾತು ತೊದಲಿತು. "ಸ್ವಲ್ಪ ಜಾಸ್ತಿ ಹೋಗ್ತಾ ಇದೆ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ" ಅಂದರು. ಚೀಟಿ ಬರೆದುಕೊಟ್ಟರು. ಜಿಲ್ಲಾ ಕೇಂದ್ರ ಮುಟ್ಟುವಷ್ಟರಲ್ಲಿ ಒಂದೂವರೆ ಗಂಟೆ. ಅಲ್ಲಿನ ಡಾಕ್ಟರು ಚೀಟಿ ತಿರುಗಿಸಿ ಮುರುಗಿಸಿ ನೋಡಿ, ಜೊತೆಗೆ ಬಂದಿದ್ದ ನನ್ನ ಅಜ್ಜಿಯನ್ನೇ ಕೇಳಿದರಂತೆ:

"ಎಷ್ಟು ಹೋಗಿದೆ ಅಜ್ಜಿ ರಕ್ತ?"

"ಎರಡು ಸೀರೆ ಪೂರ್ತಿ ತೊಯ್ದಿತ್ತು ಸ್ವಾಮಿ. ಮೂರನೇದು ಅರ್ಧ."

ಆ ಡಾಕ್ಟರು ಮತ್ತೆ ಏನೂ ಕೇಳಲಿಲ್ಲ. ರಕ್ತ ತರಿಸಲು ಓಡಿದರು. ನಾಲ್ಕು ಬಾಟಲಿ ಏರಿಸಿದ ಮೇಲೆ ಚಿಕ್ಕಮ್ಮ ಕಣ್ಣುಬಿಟ್ಟರು. ಇವತ್ತು ಆ ಮಗ ಕಾಲೇಜಿಗೆ ಹೋಗುತ್ತಾನೆ.

ನಾನು ಈ ಕತೆ ಹೇಳಿದ್ದು ಆ ತಾಲ್ಲೂಕು ಆಸ್ಪತ್ರೆಯ ನರ್ಸನ್ನು ಬೈಯುವುದಕ್ಕಲ್ಲ. ಆ ರಾತ್ರಿ ಇಡೀ ವಾರ್ಡಿಗೆ ಆಕೆ ಒಬ್ಬಳೇ ಇದ್ದಳಂತೆ. ನನ್ನನ್ನು ಕಾಡುವುದು ಬೇರೆ. ಓದು ಬರಹ ಬಾರದ ನನ್ನ ಅಜ್ಜಿಯ ಹತ್ತಿರ ಒಂದು ಅಳತೆ ಇತ್ತು: ಎರಡೂವರೆ ಸೀರೆ. ಸರ್ಕಾರದ ಮೊಹರು ಬಿದ್ದ ಚೀಟಿಯಲ್ಲಿ ಆ ಅಳತೆಯೂ ಇರಲಿಲ್ಲ.

ಕಣ್ಣಂದಾಜು ಎಷ್ಟು ಮೋಸ ಮಾಡುತ್ತೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಬೆಳಗಾವಿಯಲ್ಲೇ ಉತ್ತರ ಇದೆ. ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಹೆರಿಗೆಯಾದ ಹೆಂಗಸಿನ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಅದರ ತುದಿಯಲ್ಲಿ ಲಾಳಿಕೆಯಂಥ ಒಂದು ಚೀಲ, ಚೀಲದ ಮೇಲೆ ಎಂ.ಎಲ್. ಗೆರೆಗಳು. ರಕ್ತ ಹಾಸಿಗೆಗೆ, ಬಟ್ಟೆಗೆ, ನೆಲಕ್ಕೆ ಹರಡಿಹೋಗುವ ಬದಲು ಚೀಲಕ್ಕೆ ಇಳಿಯುತ್ತೆ. ಎಷ್ಟಾಯಿತು ಅಂತ ಯಾರು ಬೇಕಾದರೂ ಓದಬಹುದು. ಇದನ್ನು ಕಣ್ಣಂದಾಜಿನ ಜೊತೆ ಹೋಲಿಸಿ 2006ರಲ್ಲಿ ಪ್ರಕಟಿಸಿದರು. ಕಣ್ಣಲ್ಲಿ ನೋಡಿ ಹೇಳಿದ ಲೆಕ್ಕ, ಚೀಲದ ಲೆಕ್ಕಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಇತ್ತು! ಹೇಳಿದವರು ದಿನವೂ ಹೆರಿಗೆ ಮಾಡಿಸುವವರು, ನನ್ನ ನಿಮ್ಮಂಥವರಲ್ಲ.

ಇದೇ ಚೀಲ ಹಿಡಿದುಕೊಂಡು ಅವರು ಇನ್ನೊಂದು ದೊಡ್ಡ ಕೆಲಸ ಮಾಡಿದರು. ಆಕ್ಸಿಟೋಸಿನ್‌ಗೆ ತಂಪು ಬೇಕು, ಚುಚ್ಚಲು ಬರಬೇಕು. ಹಳ್ಳಿಯಲ್ಲಿ ಫ್ರಿಜ್ಜೂ ಇಲ್ಲ, ಕರೆಂಟೂ ಇಲ್ಲ ಅಂದರೆ? ಮಿಸೊಪ್ರೋಸ್ಟಾಲ್ ಅನ್ನುವ ಮಾತ್ರೆ ಕೊಟ್ಟು ನೋಡೋಣ ಅಂತ ಹೊರಟರು. 2002ರಿಂದ 2005ರವರೆಗೆ, ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ, ಮನೆಯಲ್ಲೋ ಉಪಕೇಂದ್ರದಲ್ಲೋ ಹೆತ್ತ 1,620 ಹೆಂಗಸರು. ಕೆಲಸ ಮಾಡಿದವರು 25 ಜನ ಎ.ಎನ್.ಎಂ.ಗಳು, ಅಂದರೆ ನಾವು ಹಳ್ಳಿಯಲ್ಲಿ 'ನರ್ಸಮ್ಮ' ಅಂತ ಕರೆಯುವವರು. ಅರ್ಧ ಜನಕ್ಕೆ ಮಾತ್ರೆ, ಇನ್ನರ್ಧಕ್ಕೆ ಅದೇ ಥರ ಕಾಣುವ ಸಪ್ಪೆ ಮಾತ್ರೆ. ಫಲಿತಾಂಶ 2006ರ ಅಕ್ಟೋಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅತಿ ರಕ್ತಸ್ರಾವ ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳಿದಿತ್ತು. ಒಂದು ಲೀಟರ್ ದಾಟುವ ಭಾರೀ ರಕ್ತಸ್ರಾವ 1.2ರಿಂದ 0.2ಕ್ಕೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಮಿಸೊಪ್ರೋಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿಕೊಂಡಿತು. ಅದರ ಹಿಂದೆ ನಮ್ಮ ನರ್ಸಮ್ಮಂದಿರು ಹಳ್ಳಿ ಹಳ್ಳಿ ಸುತ್ತಿ, ಚೀಲದ ಗೆರೆ ಓದಿ ಬರೆದಿಟ್ಟ ಅಂಕಿಗಳೂ ಇವೆ.

ನನಗೆ ಒಂದೊಂದು ಸಲ ಅನ್ನಿಸುತ್ತೆ, ನಾವು ಎಂಥೆಂಥದ್ದಕ್ಕೋ ಕನ್ನಡಿಗರ ಹೆಮ್ಮೆ ಅಂತ ಬೋರ್ಡು ಹಾಕಿಕೊಳ್ಳುತ್ತೇವೆ. ಈ 25 ಜನರ ಬಗ್ಗೆ ಯಾರಾದರೂ ಒಂದು ಸಾಲು ಬರೆದದ್ದು ನೀವು ಓದಿದ್ದೀರಾ?

ಈಗ ಬೆಳಗಾವಿಯಿಂದ ಆಫ್ರಿಕಾಕ್ಕೆ ಹೋಗೋಣ. ಯಾಕೆಂದರೆ ಅಳೆಯುವ ಚೀಲದ ಕತೆಯ ಮುಂದಿನ ಭಾಗ ಅಲ್ಲಿದೆ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾ, ಈ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಇ-ಮೋಟಿವ್ ಅನ್ನುವ ಪರೀಕ್ಷೆ ನಡೆಯಿತು. ಸಹಜ ಹೆರಿಗೆಯಾದ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರು. ಅರ್ಧ ಆಸ್ಪತ್ರೆಗಳಲ್ಲಿ ಎಂದಿನ ಹಾಗೆ. ಇನ್ನರ್ಧದಲ್ಲಿ ಎರಡು ಬದಲಾವಣೆ ಮಾಡಿದರು. ಒಂದು, ಪ್ರತಿಯೊಬ್ಬರ ಕೆಳಗೂ ಗೆರೆ ಹಾಕಿದ ಚೀಲ. ಎರಡು, ರಕ್ತ ಗೆರೆ ಮುಟ್ಟಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಶುರು ಮಾಡುವುದು: ಹೊಟ್ಟೆಯ ಮೇಲಿಂದ ಗರ್ಭಕೋಶ ನೀವುವುದು, ಆಕ್ಸಿಟೋಸಿನ್, ಟ್ರನೆಕ್ಸಾಮಿಕ್ ಆಸಿಡ್, ಡ್ರಿಪ್, ಎಲ್ಲಾದರೂ ಹರಿದಿದೆಯೇ, ಮಾಸು ಒಳಗೆ ಉಳಿದಿದೆಯೇ ಅಂತ ನೋಡುವುದು, ನಿಲ್ಲದಿದ್ದರೆ ಮೇಲಿನವರನ್ನು ಕರೆಯುವುದು. ಮೊದಲೆಲ್ಲ ಒಂದು ಕೊಟ್ಟು ಕಾಯುವುದು, ಕೇಳದಿದ್ದರೆ ಇನ್ನೊಂದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತಿದ್ದರು. ರಕ್ತ ಕಾಯುತ್ತಾ?

2023ರ ಮೇ ತಿಂಗಳಲ್ಲಿ ಫಲಿತಾಂಶ ಬಂತು. ಎಂದಿನ ರೀತಿಯ ಆಸ್ಪತ್ರೆಗಳಲ್ಲಿ ಅತಿ ರಕ್ತಸ್ರಾವ ಆದವರಲ್ಲಿ ಹೆಚ್ಚುಕಡಿಮೆ ಅರ್ಧ ಜನರದ್ದು ಮಾತ್ರ ಸಿಬ್ಬಂದಿಯ ಗಮನಕ್ಕೆ ಬಂದಿತ್ತು. ಅಂದರೆ ಇನ್ನರ್ಧ ಜನ, ಆಸ್ಪತ್ರೆಯ ಒಳಗೆ, ನರ್ಸಿನ ಕಣ್ಣೆದುರೇ, ಯಾರಿಗೂ ಗೊತ್ತಾಗದ ಹಾಗೆ ರಕ್ತ ಕಳೆದುಕೊಳ್ಳುತ್ತಿದ್ದರು. ಚೀಲ ಹಾಸಿದ ಕಡೆ ನೂರಕ್ಕೆ 93 ಗೊತ್ತಾಯಿತು. ಭಾರೀ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಈ ಮೂರನ್ನೂ ಒಟ್ಟು ಮಾಡಿದ ಲೆಕ್ಕ ಎಂದಿನ ಕಡೆ ನೂರಕ್ಕೆ 4.3 ಇದ್ದರೆ ಇಲ್ಲಿ 1.6. ಶೇಕಡಾ 60ರಷ್ಟು ಕಡಿಮೆ! ಈ ಇಳಿಕೆಯಲ್ಲಿ ದೊಡ್ಡ ಪಾಲು ಭಾರೀ ರಕ್ತಸ್ರಾವದ್ದೇ, ಅದನ್ನೂ ಹೇಳಬೇಕು. ಆದರೂ ಅಷ್ಟು ರಕ್ತ ಹೋಗದೇ ಇರುವುದೇ ಅಲ್ಲವೇ ಸಾವಿನಿಂದ ದೂರ ನಿಲ್ಲುವುದು?

ಗಮನಿಸಿ, ಇಲ್ಲಿ ಒಂದೂ ಹೊಸ ಔಷಧ ಇಲ್ಲ. ಹೊಸ ಕಟ್ಟಡ ಇಲ್ಲ. ವಿದೇಶದಿಂದ ಡಾಕ್ಟರುಗಳನ್ನು ಕರೆತಂದಿಲ್ಲ. ಹೊಸದಾಗಿ ಬಂದದ್ದು ಒಂದೆರಡು ಡಾಲರ್ ಬೆಲೆಯ ಪ್ಲಾಸ್ಟಿಕ್ಕು ಮತ್ತು 'ಗೆರೆ ಮುಟ್ಟಿದರೆ ಕಾಯಬೇಡ' ಅನ್ನುವ ಒಂದು ನಿಯಮ.

2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಜಗತ್ತಿನ ಪ್ರಸೂತಿ ತಜ್ಞರ ಮತ್ತು ಸೂಲಗಿತ್ತಿಯರ ಒಕ್ಕೂಟಗಳ ಜೊತೆ ಸೇರಿ ಹೊಸ ಮಾರ್ಗಸೂಚಿ ಹೊರಡಿಸಿತು. ಅರ್ಧ ಲೀಟರ್ ಆಗುವವರೆಗೂ ಕಾಯಬೇಡಿ, 300 ಎಂ.ಎಲ್. ಆಗಿ ನಾಡಿಯಲ್ಲೋ ಬಿ.ಪಿ.ಯಲ್ಲೋ ಏರುಪೇರು ಕಂಡರೂ ಚಿಕಿತ್ಸೆ ಶುರು ಮಾಡಿ ಅಂತ. ರಕ್ತ ಕಡಿಮೆ ಇರುವ ನಮ್ಮಂಥ ದೇಶದ ಹೆಣ್ಣುಮಕ್ಕಳಿಗೆ ಇದು ಬಹಳ ಮುಖ್ಯ. ಆದರೆ ಅಳೆಯದೇ ಇದ್ದರೆ 300 ಯಾವುದು, 500 ಯಾವುದು? ಅಳತೆಯೇ ಇಲ್ಲದ ಕಡೆ ಈ ಮಾರ್ಗಸೂಚಿ ಗೋಡೆಗೆ ಅಂಟಿಸುವ ಇನ್ನೊಂದು ಪೋಸ್ಟರ್, ಅಷ್ಟೇ.

ಈಗ ನಮ್ಮೂರಿನ ಹಾಲಿನ ಡೇರಿ ನೆನಪಾಗುತ್ತೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಒಂದು ಲೀಟರ್ ತಂದವನದ್ದೂ ಅಳೆಯುತ್ತಾರೆ. ಫ್ಯಾಟು ನೋಡುತ್ತಾರೆ, ಡಿಗ್ರಿ ನೋಡುತ್ತಾರೆ, ಚೀಟಿ ಕೊಡುತ್ತಾರೆ. ಐವತ್ತು ಎಂ.ಎಲ್. ಹೆಚ್ಚುಕಡಿಮೆಯಾದರೆ ಜಗಳ ಗ್ಯಾರಂಟಿ. ಹಸುವಿನ ಹಾಲಿಗೆ ಇಷ್ಟು ಲೆಕ್ಕ ಇಟ್ಟುಕೊಳ್ಳಲು ಬರುವ ಊರಿಗೆ ಹೆಂಗಸಿನ ರಕ್ತದ ಲೆಕ್ಕ ಇಡುವುದು ಕಷ್ಟ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬಲ್ಲ.

ಇದನ್ನೆಲ್ಲ ಹೇಳಿದಾಗ ಡಾಕ್ಟರ್ ಗೆಳೆಯರೊಬ್ಬರು ನನ್ನ ಮೇಲೆ ರೇಗಿದರು. "ಚೀಲ ಹಾಸಿಬಿಟ್ರೆ ಆಯ್ತಾ ಮಾರಾಯ? ರಾತ್ರಿ ಡ್ಯೂಟಿಗೆ ಒಬ್ಬಳೇ ನರ್ಸು, ರಕ್ತನಿಧಿ ಎಷ್ಟೋ ದೂರ, ಅರಿವಳಿಕೆ ಕೊಡೋರು ಇಲ್ಲ, ಬಂದ ಮದ್ದು ಸರಿ ಇದೆಯೋ ಇಲ್ಲವೋ ಗೊತ್ತಿಲ್ಲ. ಅದು ಬಿಟ್ಟು ಪ್ಲಾಸ್ಟಿಕ್ಕಿನ ಬಗ್ಗೆ ಮಾತಾಡ್ತೀಯಲ್ಲ!"

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಥ್ಯಾಡಿಯಸ್ ಮತ್ತು ಮೇನ್ ಅನ್ನುವ ಇಬ್ಬರು ಸಂಶೋಧಕಿಯರು 1994ರಲ್ಲೇ ಇದನ್ನು ಮೂರು ತಡಗಳು ಅಂತ ವಿಂಗಡಿಸಿದ್ದರು. ಆಸ್ಪತ್ರೆಗೆ ಹೋಗೋಣ ಅಂತ ತೀರ್ಮಾನ ಮಾಡುವುದರಲ್ಲಿ ತಡ, ದಾರಿಯಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ಮೊದಲ ಎರಡನ್ನು ಕಡಿಮೆ ಮಾಡಲು ನಾವು ಸಾಕಷ್ಟು ದುಡಿದಿದ್ದೇವೆ. ಮೂರನೆಯದು ಬಾಕಿ ಇದೆ. ಮದ್ದಿನ ಗುಣಮಟ್ಟದ ಮಾತಂತೂ ನೂರಕ್ಕೆ ನೂರು ನಿಜ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡದ್ದನ್ನು ಯಾರು ಮರೆಯುತ್ತಾರೆ? ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆಯನ್ನೇ ನಿಲ್ಲಿಸಬೇಕಾಯಿತು.

ಆದರೆ ಗೆಳೆಯರ ಮಾತಿಗೆ ನನ್ನ ಉತ್ತರ ಇಷ್ಟೇ. ನರ್ಸು ಒಬ್ಬಳೇ ಇದ್ದಾಳೆ ಅನ್ನುವುದಕ್ಕೇ ಚೀಲ ಬೇಕು. ಹತ್ತು ಜನ ಇದ್ದರೆ ಒಬ್ಬರಲ್ಲ ಒಬ್ಬರು ನೋಡುತ್ತಿರುತ್ತಾರೆ. ಒಬ್ಬಳೇ ಇರುವವಳಿಗೆ ತಟ್ಟನೆ ಕಾಣುವ ಗೆರೆ ಬೇಕು. ರಕ್ತನಿಧಿ ದೂರ ಇದೆ ಅನ್ನುವುದಕ್ಕೇ ಬೇಗ ಗೊತ್ತಾಗಬೇಕು. ಎಲ್ಲ ಸರಿಹೋದ ಮೇಲೆ ಅಳೆಯೋಣ ಅಂದರೆ ಅದು ಮಳೆ ನಿಂತ ಮೇಲೆ ಕೊಡೆ ಕೊಂಡ ಹಾಗೆ.

ಚೀಲ ಬರುವವರೆಗೆ ಕಾಯಲೂ ಬೇಕಿಲ್ಲ. ಒಣಬಟ್ಟೆಯ ತೂಕ ಮೊದಲೇ ಬರೆದಿಟ್ಟುಕೊಂಡು, ತೊಯ್ದ ಬಟ್ಟೆಯನ್ನು ತೂಗಿದರೆ ಆಯಿತು. ಹೆಚ್ಚಾದ ಒಂದು ಗ್ರಾಂಗೆ ಸುಮಾರು ಒಂದು ಎಂ.ಎಲ್. ರಕ್ತ. ಅಡುಗೆಮನೆಯ ತಕ್ಕಡಿ ಸಾಕು. ನನ್ನ ಅಜ್ಜಿಯ ಎರಡೂವರೆ ಸೀರೆಯ ಲೆಕ್ಕವನ್ನೇ ಸ್ವಲ್ಪ ಶಾಸ್ತ್ರೋಕ್ತವಾಗಿ ಮಾಡುವುದು ಇದು. ಸಿಸೇರಿಯನ್ನಿಗೆ ಈ ಚೀಲ ಹೊಂದಲ್ಲ ನಿಜ. ಅಲ್ಲಿ ರಕ್ತ ಹೀರುವ ಬಾಟಲಿಯ ಗೆರೆ ಓದಬೇಕು, ಬಟ್ಟೆ ತೂಗಬೇಕು. ಒಟ್ಟಿನಲ್ಲಿ ಒಂದು ಅಂಕಿ ಬರೆಯಬೇಕು.

ಅಳತೆಯ ಮಾತು ಒಬ್ಬ ಬಾಣಂತಿಯ ಹಾಸಿಗೆಗೆ ನಿಲ್ಲುವುದೂ ಇಲ್ಲ. ಇಷ್ಟೆಲ್ಲ ಮಾಡಿಯೂ ಸತ್ತವರ ಲೆಕ್ಕ ಇದೆಯಲ್ಲ, ಅದನ್ನು ಹೇಗೆ ಇಡುತ್ತೇವೆ? ಪಕ್ಕದ ಕೇರಳ ಇದನ್ನು ನಮಗಿಂತ ಮೊದಲು ಗಂಭೀರವಾಗಿ ತೆಗೆದುಕೊಂಡಿತು. ಅಲ್ಲಿನ ಪ್ರಸೂತಿ ತಜ್ಞರ ಸಂಘ 2004ರಿಂದ ರಾಜ್ಯದ ತಾಯಂದಿರ ಸಾವುಗಳನ್ನು ಗುಟ್ಟಾಗಿ ಪರಿಶೀಲಿಸುವ ಪದ್ಧತಿ ಶುರು ಮಾಡಿತು. ಗುಟ್ಟು ಅಂದರೆ ಮುಚ್ಚಿಡುವುದಲ್ಲ. ಸತ್ತವಳ ಹೆಸರು, ಡಾಕ್ಟರ ಹೆಸರು, ಆಸ್ಪತ್ರೆಯ ಹೆಸರು ತೆಗೆದು, ಏನಾಯಿತು, ಎಲ್ಲಿ ತಡವಾಯಿತು, ಏನು ಮಾಡಿದ್ದರೆ ಉಳಿಯುತ್ತಿದ್ದಳು ಅನ್ನುವುದನ್ನಷ್ಟೇ ನೋಡುವುದು. ಶಿಕ್ಷೆಯ ಭಯ ಇಲ್ಲದ ಕಾರಣ ಡಾಕ್ಟರುಗಳು ನಿಜ ಹೇಳುತ್ತಾರೆ. ಇಂಗ್ಲೆಂಡಿನವರು 1952ರಿಂದ ಮಾಡಿಕೊಂಡು ಬಂದ ಕ್ರಮ ಇದು. 'ತಾಯಂದಿರು ಯಾಕೆ ಸಾಯುತ್ತಾರೆ' ಅನ್ನುವ ಹೆಸರಿನಲ್ಲಿ ಕೇರಳದವರು ವರದಿಗಳನ್ನು ಪ್ರಕಟಿಸಿದರು. ಅದರಿಂದ ಕಲಿತದ್ದನ್ನು ರಾಜ್ಯದ ತುಂಬ ಡಾಕ್ಟರುಗಳಿಗೂ ನರ್ಸುಗಳಿಗೂ ಹೇಳಿಕೊಟ್ಟರು. 2018-20ರಲ್ಲಿ ನಮ್ಮದು 69 ಇದ್ದಾಗ ಕೇರಳದ್ದು 19. ಅಲ್ಲಿನ ಓದು, ಸಂಬಳ, ರಸ್ತೆ ಎಲ್ಲದರ ಪಾಲೂ ಇದರಲ್ಲಿದೆ, ಒಪ್ಪುತ್ತೇನೆ. ಆದರೆ ಸತ್ತವಳಿಂದ ಪಾಠ ಕಲಿಯುವ ಅಭ್ಯಾಸದ ಪಾಲೂ ಇದೆ.

ನಮ್ಮಲ್ಲೂ ತಾಯಿ ಮರಣ ಪರಿಶೀಲನೆ ಅಂತ ಕಾಗದದ ಮೇಲೆ 2010ರಿಂದ ಇದೆ. ಆದರೆ ಜನರಿಗೆ ಅದರ ಫಲ ಕಂಡದ್ದು ಬಳ್ಳಾರಿಯ ನಂತರ, 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಆದ 464 ಸಾವುಗಳನ್ನು ಸರ್ಕಾರ ಒಂದೊಂದಾಗಿ ತೆಗೆದು ನೋಡಿಸಿದಾಗ. ಅದರಲ್ಲಿ ಶೇಕಡಾ 70ಕ್ಕೂ ಹೆಚ್ಚು ಸಾವು ತಪ್ಪಿಸಬಹುದಾಗಿದ್ದವು ಅಂತ ವರದಿ ಹೇಳಿತು. ಇನ್ನೊಮ್ಮೆ ಓದಿ. ನೂರರಲ್ಲಿ ಎಪ್ಪತ್ತು. ಹಣೆಬರಹ ಅಂತ ನಾವು ಕಣ್ಣೊರೆಸಿಕೊಂಡ ಮನೆಗಳಲ್ಲಿ ಹತ್ತರಲ್ಲಿ ಏಳು ಮನೆಗಳಿಗೆ ಅದು ಹಣೆಬರಹವಾಗಿರಲಿಲ್ಲ.

ಇಂಥ ವರದಿ ಗಲಾಟೆಯಾದಾಗ ಒಂದು ಸಲ ಬಂದರೆ ಸಾಲದು. ಪ್ರತಿ ವರ್ಷ, ಬಜೆಟ್ಟಿನ ಹಾಗೆ, ಮಳೆಯ ಲೆಕ್ಕದ ಹಾಗೆ ಬರಬೇಕು. ಹೆಸರಿಲ್ಲದೆ ಬರಲಿ, ಆದರೆ ಎಲ್ಲರ ಕೈಗೂ ಸಿಗುವ ಹಾಗೆ, ಕನ್ನಡದಲ್ಲಿ ಬರಲಿ. ಪ್ರತಿ ಸಾವಿಗೂ ಒಬ್ಬ ನರ್ಸನ್ನು ಅಮಾನತು ಮಾಡಿ ಪತ್ರಿಕೆಗೆ ಫೋಟೋ ಕೊಡುವ ಚಾಳಿ ನಿಲ್ಲಲಿ. ಅಮಾನತಿಗೆ ಹೆದರಿದವರು ಅಳೆಯಲ್ಲ, ಅಳೆದರೂ ನಿಜ ಬರೆಯಲ್ಲ. 300 ಇದ್ದದ್ದನ್ನು 200 ಅಂತ ಬರೆಯುವ ಕೈ ಹುಟ್ಟುವುದು ಹೆದರಿಕೆಯಿಂದಲೇ.

ಇನ್ನೊಂದು ಮಾತು. ಇದನ್ನು ಓದಿ "ಹಿಂದಿನ ಕಾಲದ ಸೂಲಗಿತ್ತಿಯರೇ ವಾಸಿ" ಅನ್ನುವವರು ಇರುತ್ತಾರೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾನೂ ಕುಣಿದಾಡಿದವನೇ. ಡಾಕ್ಟರ ನೆರಳೂ ಕಾಣದ ಊರುಗಳಲ್ಲಿ ಸಾವಿರಾರು ಹೆಂಗಸರ ಕೈಹಿಡಿದು ಕೂತ ಆ ತಾಯಿಯನ್ನು ನೆನೆದರೆ ಕೈಮುಗಿಯಬೇಕು ಅನ್ನಿಸುತ್ತೆ. ಆಸ್ಪತ್ರೆಗಳು ಅಂಥವರಿಂದ ಕಲಿಯಬೇಕಾದದ್ದು ಬಾಣಂತಿಯ ಪಕ್ಕದಿಂದ ಏಳದೆ ಕೂರುವುದನ್ನು. ರಕ್ತ ನಿಲ್ಲದಿದ್ದಾಗ ಮಾತ್ರ ಸೂಲಗಿತ್ತಿಯ ಕೈಯಲ್ಲಿ ಮದ್ದಿರಲಿಲ್ಲ. ಈಗ ಇದೆ. ಮದ್ದಿರುವ ಕಡೆ ಪಕ್ಕದಲ್ಲಿ ಕೂರುವವರಿಲ್ಲ. ಎರಡನ್ನೂ ಒಂದು ಕಡೆ ತರುವುದು ನಮ್ಮ ಕೆಲಸ.

ಹಾಗಾದರೆ ನಾವು ನೀವು ಏನು ಮಾಡಬಹುದು? ಸರ್ಕಾರ ಮಾಡಬೇಕಾದದ್ದು ಸರ್ಕಾರವೇ ಮಾಡಬೇಕು. ಪ್ರತಿ ಹೆರಿಗೆ ಕೋಣೆಗೆ ಚೀಲ, ಎಲ್ಲ ಮದ್ದೂ ಒಟ್ಟಿಗಿರುವ ಒಂದು ಡಬ್ಬಿ, ಆಕ್ಸಿಟೋಸಿನ್ನಿಗೆ ಕೆಲಸ ಮಾಡುವ ಫ್ರಿಜ್ಜು, ರಾತ್ರಿಗೆ ಇನ್ನೊಬ್ಬ ನರ್ಸು, ಬೇರೆ ಆಸ್ಪತ್ರೆಗೆ ಕಳಿಸುವ ಚೀಟಿಯ ಮೇಲೆ 'ಹೋದ ರಕ್ತ: ಇಷ್ಟು ಎಂ.ಎಲ್.' ಅನ್ನುವ ಒಂದು ಖಾನೆ. ನಿಮ್ಮ ಶಾಸಕರು ಹೊಸ ಆಸ್ಪತ್ರೆ ಕಟ್ಟಡಕ್ಕೆ ಗುದ್ದಲಿಪೂಜೆ ಮಾಡಲು ಬಂದಾಗ ಕೇಳಿ, ಹಳೆಯ ಕಟ್ಟಡದಲ್ಲಿ ಇದೆಲ್ಲ ಇದೆಯಾ ಅಂತ.

ನಮ್ಮ ಕೈಯಲ್ಲೂ ಇದೆ. ಮನೆಯಲ್ಲಿ ಬಸುರಿ ಇದ್ದರೆ ಅವಳ ಹಿಮೋಗ್ಲೋಬಿನ್ ಎಷ್ಟು ಅಂತ ಗಂಡನಿಗೆ ಗೊತ್ತಿರಬೇಕು. ತಾಯಿ ಕಾರ್ಡಿನಲ್ಲಿ ಬರೆದಿರುತ್ತೆ, ಓದಿ. ಕಬ್ಬಿಣದ ಮಾತ್ರೆ ಡಬ್ಬಿಯಲ್ಲಿ ಉಳಿದಿದೆಯೋ ಹೊಟ್ಟೆಗೆ ಹೋಗಿದೆಯೋ ನೋಡಿ. ಅವಳ ರಕ್ತದ ಗುಂಪಿನ ಇಬ್ಬರು ಮೂವರನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ಹೆರಿಗೆಯಾದ ಸುದ್ದಿ ಬಂದಾಗ ಎಲ್ಲರೂ ಕೇಳುವುದು "ಗಂಡೋ ಹೆಣ್ಣೋ?" ಅಂತ. ಆಮೇಲೆ "ತೂಕ ಎಷ್ಟು?" ಮಗುವಿನ ತೂಕ ಅಮೆರಿಕದಲ್ಲಿರುವ ಚಿಕ್ಕಪ್ಪನಿಗೂ ಬಾಯಿಪಾಠ. ಅದೇ ಉಸಿರಿನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: "ಸಿಸ್ಟರ್, ರಕ್ತ ಎಷ್ಟು ಎಂ.ಎಲ್. ಹೋಯ್ತು? ಬರೆದುಕೊಂಡ್ರಾ?" ವಿನಯದಿಂದಲೇ ಕೇಳಿ, ಜಗಳಕ್ಕೆ ಹೋಗಬೇಡಿ. ಹತ್ತು ಮನೆಯವರು ಕೇಳಿದರೆ ಹನ್ನೊಂದನೆಯ ಸಲ ಕೇಳುವ ಮೊದಲೇ ಅಳೆದಿರುತ್ತಾರೆ.

ಊರಿನ ಶಾಲೆಗೆ, ದೇವಸ್ಥಾನಕ್ಕೆ ಅಂತ ದುಡ್ಡು ಕಳಿಸುವ ಗೆಳೆಯರು ಇದ್ದೀರಿ. ಈ ಸಲ ನಿಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ, ಹೆರಿಗೆ ಕೋಣೆಯಲ್ಲಿ ಒಂದು ತಕ್ಕಡಿ ಇದೆಯಾ ಅಂತ ವಿಚಾರಿಸಿ. ಇಲ್ಲದಿದ್ದರೆ ಒಂದು ಕೊಡಿಸಿ. ಹೆಸರು ಕೆತ್ತಿಸುವಷ್ಟು ಜಾಗ ಅದರ ಮೇಲೆ ಇರಲ್ಲ, ಪರವಾಗಿಲ್ಲ.

ನಿಮ್ಮಲ್ಲಿ ಡಾಕ್ಟರುಗಳು, ನರ್ಸುಗಳು, ಅವರ ಮನೆಯವರು ಇದ್ದರೆ ದಯವಿಟ್ಟು ಹೇಳಿ. ನೀವು ಕೆಲಸ ಮಾಡುವ ಕಡೆ ಅಳೆಯುತ್ತಾರಾ? ಅಳೆಯದಿದ್ದರೆ ಅಡ್ಡಿ ಏನು? ನಾನು ಹೊರಗೆ ನಿಂತು ಹೇಳಿದ್ದು ಇಷ್ಟು. ಒಳಗಿನವರ ಮಾತು ಕೇಳಬೇಕು ಅನ್ನಿಸುತ್ತಿದೆ.